ಸಲಹಾ ಮೇಜಿನ ಹಿಂದೆ ಕೂರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಹಿಳಾ ಉದ್ಯಮಿಗಳಿಗೆ ನೆರವಾಗುತ್ತೇವೆಂದು ಮೇಜು, ಕುರ್ಚಿ, ಬ್ಯಾನರ್ ಹಾಕಿಕೊಂಡು ಕೂರುವ ಸಂಘದ ಪದಾಧಿಕಾರಿಗಳು, ಒಕ್ಕೂಟದ ಕಾರ್ಯಕರ್ತೆಯರು, ತರಬೇತಿ ಕೊಡುವವರು, ನಿವೃತ್ತ ಬ್ಯಾಂಕ್ ನೌಕರರು ಎಲ್ಲರಿಗೂ ಈ ಸೂಚನೆ. ಒಪ್ಪಿಗೆಯಾಗದವರು ಮೇಜಿನ ಹಿಂದೆ ಕೂರುವುದು ಬೇಡ. ಸಮಾರಂಭದ ಸಮಿತಿಯಲ್ಲಿ ಜಾಗ ಯಾವಾಗಲೂ ಖಾಲಿ ಇರುತ್ತದೆ.

ಬೆಳಗಿನ ಜಾವ ಎದ್ದು ನೂರು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ ಹಿಡಿದು ಬಂದ ಹೆಂಗಸಿಗೆ ಧೈರ್ಯದ ಬಗ್ಗೆ ನಾವು ಉಪದೇಶ ಮಾಡಬೇಕಾಗಿಲ್ಲ. ಆಕೆಗೆ ಬೇಕಿರುವುದು ಸರಿಯಾದ ಕಾಗದ, ಆಕೆಯ ಹೆಸರಿನಲ್ಲೇ ಉಳಿಯುವ ದುಡ್ಡು, ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಜತೆಗೊಬ್ಬರು. ಈ ಮೂರರಲ್ಲಿ ಒಂದನ್ನಾದರೂ ಕೊಡದೆ ಯಾರನ್ನೂ ಹಿಂದಕ್ಕೆ ಕಳಿಸಬಾರದು.

ಬಂದವರು ಕೂತ ಕೂಡಲೆ

ವಯಸ್ಸು ಎಷ್ಟೇ ಇರಲಿ, ‘ನೀವು’ ಎಂದೇ ಮಾತಾಡಿಸಬೇಕು. ‘ಅಕ್ಕಾರ’ ಅನ್ನಿ, ‘ಮೇಡಂ’ ಅನ್ನಿ, ಅಡ್ಡಿಯಿಲ್ಲ. ‘ಏನವ್ವಾ, ಏನ್ ಬೇಕಾಗಿತ್ತು’ ಎನ್ನುವ ಕಚೇರಿ ದನಿ ಬೇಡ.

ವ್ಯಾಪಾರ ಏನು, ಯಾರು ಕೊಳ್ಳುತ್ತಾರೆ, ಉದ್ರಿ ಎಷ್ಟು ನಿಂತಿದೆ ಎಂದು ಮೊದಲು ಕೇಳಿ. ‘ಯಜಮಾನ್ರು ಏನ್ ಮಾಡ್ತಾರ್ರಿ?’ ಎಂಬ ಪ್ರಶ್ನೆ ಈ ಮೇಜಿನಲ್ಲಿ ಬರಕೂಡದು. 1978ರಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಶಾ ಅವರಿಗೇ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದು, ತಂದೆ ಜಾಮೀನು ನಿಲ್ಲಲಿ ಎಂದಿದ್ದವಂತೆ. ಅವರೇ ಅದನ್ನು ಹೇಳಿಕೊಂಡಿದ್ದಾರೆ. ಇಷ್ಟು ವರ್ಷ ಕಳೆದ ಮೇಲೂ ಅದೇ ಪ್ರಶ್ನೆಯನ್ನು, ಅದೂ ನೆರವಿನ ಹೆಸರಿನಲ್ಲಿ, ನಾವೇ ಕೇಳಿದರೆ ಹೇಗೆ?

ಬಂದವರನ್ನೆಲ್ಲ ಹೊಲಿಗೆ, ಹಪ್ಪಳ, ಉಪ್ಪಿನಕಾಯಿ ಕಡೆಗೆ ತಿರುಗಿಸಬಾರದು. ಒಂದೇ ಬೀದಿಯಲ್ಲಿ ಹತ್ತು ಮಂದಿಗೆ ಹೊಲಿಗೆ ಯಂತ್ರ ಕೊಡಿಸಿ ಫೋಟೊ ತೆಗೆಸಿಕೊಂಡ ಶಿಬಿರಗಳನ್ನು ಎಲ್ಲರೂ ಕಂಡಿದ್ದೇವೆ. ಆ ಹತ್ತು ಮಂದಿಗೂ ಸಾಕಾಗುವಷ್ಟು ರವಿಕೆ ಹೊಲಿಸುವವರು ಆ ಬೀದಿಯಲ್ಲಿದ್ದಾರೆಯೇ ಎಂದು ಯಾರೂ ಎಣಿಸಿರಲಿಲ್ಲ. ವೆಲ್ಡಿಂಗ್ ವರ್ಕ್‌ಶಾಪ್ ಹಾಕುತ್ತೇನೆ ಎಂದವರನ್ನು ನೋಡಿ ನಗುವವರು ಅಂದೇ ಮೇಜು ಬಿಟ್ಟು ಏಳಬೇಕು.

ಪೇಟೆಯ ವಿಚಾರಣೆ

ಸಾಲದ ಅರ್ಜಿಗೆ ಮೊದಲು ಪೇಟೆ ಸುತ್ತಿಸಬೇಕು. ಮಾರುಕಟ್ಟೆ ಸಂಶೋಧನೆ ಎಂಬ ದೊಡ್ಡ ಮಾತಿಗೆ ಇಲ್ಲಿರುವ ಅರ್ಥ ಇಷ್ಟೇ: ನಾಲ್ಕಾರು ಅಂಗಡಿಗೆ ಹೋಗಿ ಕಮಿಷನ್ ಎಷ್ಟು, ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಮಾರಾಟವಾಗದ ಮಾಲು ವಾಪಸ್ ಯಾರ ಲೆಕ್ಕಕ್ಕೆ ಎಂದು ಕೇಳಿ ಬರೆದುಕೊಳ್ಳುವುದು. ಶೇಂಗಾ ಚಟ್ನಿಯನ್ನು ಎಷ್ಟು ಗ್ರಾಮಿನ ಪ್ಯಾಕೆಟ್ಟಿನಲ್ಲಿ ಜನ ಒಯ್ಯುತ್ತಾರೆ ಎಂಬುದು ಅಂಗಡಿಯವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಊಹೆ ಮಾಡಿ ಹೇಳಬಾರದು.

ಲೆಕ್ಕದಲ್ಲಿ ಆಕೆಯ ಕೂಲಿ ಸೇರಿಸಲೇಬೇಕು. ಜೋಳ, ಗ್ಯಾಸು, ಪ್ಲಾಸ್ಟಿಕ್ ಚೀಲ, ಆಟೋ ಬಾಡಿಗೆ ಎಲ್ಲ ಹಿಡಿದು, ರೊಟ್ಟಿ ಬಡಿದ ಕೈಗಳಿಗೆ ಸೊನ್ನೆ ಬರೆದ ಪ್ರಾಜೆಕ್ಟ್ ರಿಪೋರ್ಟುಗಳು ಹೊರಗೆ ಬೇಕಾದಷ್ಟು ಸಿಗುತ್ತವೆ. ಆ ‘ಲಾಭ’ ನಂಬಿ ಆಳು ಇಟ್ಟುಕೊಂಡ ತಿಂಗಳೇ ವ್ಯಾಪಾರ ಕುಸಿಯುತ್ತದೆ. ಇನ್ನೊಬ್ಬರ ರಿಪೋರ್ಟಿನಲ್ಲಿ ಹೆಸರು ಬದಲಿಸಿ ಕೊಡುವುದಂತೂ ಕೂಡದು. ರಿಪೋರ್ಟಿನಲ್ಲಿರುವ ಪ್ರತಿ ಅಂಕಿಯನ್ನೂ ಮ್ಯಾನೇಜರ್ ಎದುರು ಆಕೆಯೇ ವಿವರಿಸುವಂತಿರಬೇಕು.

ಕ್ಯೂಆರ್ ಕೋಡ್ ತೆಗೆಯಿರಿ ಎಂದು ಯಾರಿಗೂ ಹೇಳಬಾರದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಕೊಂಡಿತು. ಭಯ ಅರ್ಥವಾಗುವಂಥದ್ದೇ. ಆದರೆ ಅಡವಿಡಲು ಹೊಲ, ಮನೆ ಇಲ್ಲದ ಹೆಂಗಸಿನ ಕೈಯಲ್ಲಿ ತನ್ನ ವ್ಯಾಪಾರಕ್ಕೆ ಇರುವ ಒಂದೇ ಪುರಾವೆ ಯುಪಿಐ ದುಡ್ಡು ಬೀಳುವ ಖಾತೆಯ ಸ್ಟೇಟ್‌ಮೆಂಟ್. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಎಂದು ತಿಳಿಸಿ. ಮನೆಯ ದುಡ್ಡು, ಚೀಟಿ ದುಡ್ಡು ಬೀಳದ ಬೇರೊಂದು ಖಾತೆಯನ್ನು ವ್ಯಾಪಾರಕ್ಕೆಂದೇ ತೆರೆಸಿ. ಗಲಿಬಿಲಿ ಅಲ್ಲಿಗೆ ಮುಗಿಯುತ್ತದೆ.

ಕಾಗದ

ಉದ್ಯಮ್ ನೋಂದಣಿಯನ್ನು ಮೇಜಿನಲ್ಲೇ ಮಾಡಿಕೊಡಬೇಕು. 2020ರ ಜುಲೈ 1ರಿಂದ ಇರುವ ಈ ನೋಂದಣಿಗೆ ಆಧಾರ್, ಪ್ಯಾನ್ ಬೇಕು, ಶುಲ್ಕವಿಲ್ಲ. ಸರ್ಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ಸಾವಿರಗಟ್ಟಲೆ ಕಿತ್ತುಕೊಳ್ಳುತ್ತವೆ, ಎಚ್ಚರ. ಗಂಡನ ಮೊಬೈಲ್ ನಂಬರಿಗೆ ಒಟಿಪಿ ಹೋಗುವ ಆಧಾರ್ ಆಗಿದ್ದರೆ ಮೊದಲು ನಂಬರ್ ಬದಲಿಸಿಕೊಂಡು ಬರಲಿ. ತಡವಾದರೂ ಪರವಾಗಿಲ್ಲ.

ತಿಂಡಿ ತಿನಿಸು ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವಾರ್ಷಿಕ 12 ಲಕ್ಷದೊಳಗಿನ ವಹಿವಾಟಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಇದಕ್ಕೆ ಏಜೆಂಟರು ಹೇಳುವ ದರ ಕೇಳಿದರೆ ನಿಮಗೇ ಸಿಟ್ಟು ಬರುತ್ತದೆ. ಸ್ವಸಹಾಯ ಸಂಘದ ಪಾಸ್‌ಬುಕ್, ಠರಾವು ಪುಸ್ತಕ ತರಲು ಹೇಳಿ. ಸ್ತ್ರೀಶಕ್ತಿ ಸಂಘದಲ್ಲಿ ವರ್ಷಗಟ್ಟಲೆ ತಪ್ಪದೆ ಕಂತು ಕಟ್ಟಿದ ದಾಖಲೆಯನ್ನು ಬ್ಯಾಂಕಿಗೆ ತೋರಿಸದೆ ಟ್ರಂಕಿನಲ್ಲಿಟ್ಟವರೇ ಹೆಚ್ಚು.

ಸಿಬಿಲ್ ಎಂದ ಕೂಡಲೆ ಹೆದರಿಸಬಾರದು. ನಾಲ್ಕು ಸಾಲ ಮಾಹಿತಿ ಕಂಪನಿಗಳೂ ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆಸಿ, ಜತೆಗೆ ಕೂತು ಓದಿ. ಬೇರೆಯವರ ಸಾಲ ಇವರ ಹೆಸರಿಗೆ ಅಂಟಿಕೊಂಡಿರುವುದುಂಟು. ತೀರಿದ ಸಾಲ ಬಾಕಿ ಎಂದೇ ಕೂತಿರುವುದೂ ಉಂಟು. ತಕರಾರು ಕೊಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ.

ಸಾಲ

ಇದು ಮುಖ್ಯ, ನಿಧಾನವಾಗಿ ಓದಿ.

ಅತಿ ಸಣ್ಣ ಮತ್ತು ಸಣ್ಣ ಉದ್ಯಮಕ್ಕೆ 2026ರ ಏಪ್ರಿಲ್ 1ರಿಂದ 20 ಲಕ್ಷದವರೆಗಿನ ಸಾಲಕ್ಕೆ (ಮೊದಲು 10 ಲಕ್ಷ) ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಆದೇಶ. ಅದಕ್ಕೂ ಮೇಲಿನ ಸಾಲಕ್ಕೆ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ನಿಧಿಯ ಖಾತರಿ ಇದೆ, ಮಹಿಳೆಯರ ಉದ್ಯಮಕ್ಕೆ ಅದರ ರಕ್ಷಣೆ ಹೆಚ್ಚು. ‘ಮನಿ ಪತ್ರ ತಗೊಂಡ್ ಬರ್ರಿ, ಇಲ್ಲಾಂದ್ರ ಯಜಮಾನ್ರನ್ನ ಕರ್ಕೊಂಡ್ ಬರ್ರಿ’ ಎಂದು ಶಾಖೆಯಲ್ಲಿ ಹೇಳಿದರೆ ಆಕೆ ಬಾಯಿ ಮುಚ್ಚಿಕೊಂಡು ಎದ್ದು ಬರಬಾರದು. ಏನು ಉತ್ತರಿಸಬೇಕೆಂದು ಇಲ್ಲೇ ಅಭ್ಯಾಸ ಮಾಡಿಸಿ ಕಳಿಸಿ.

ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಲೇಬೇಕು. 25 ಲಕ್ಷದವರೆಗಿನ ಅರ್ಜಿಗೆ 14 ಕೆಲಸದ ದಿನಗಳೊಳಗೆ ಆಗುತ್ತದೆ, ಇಲ್ಲ ಎಂದು ತೀರ್ಮಾನ ಹೇಳಬೇಕೆಂಬ ನಿಯಮವಿದೆ. ಸ್ವೀಕೃತಿ ಇಲ್ಲದಿದ್ದರೆ ಆ ದಿನಗಳ ಎಣಿಕೆ ಎಲ್ಲಿಂದ ಶುರುವಾಗಬೇಕು? ‘ಮುಂದಿನ ವಾರ ಬರ್ರಿ’ ಎಂಬ ಮಾತು ಬ್ಯಾಂಕಿನ ಉತ್ತರವಾಗುವುದಿಲ್ಲ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿಸಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಮ್ಯಾನೇಜರ್ ಜತೆ ಜಗಳ ಆಡಬೇಕಿಲ್ಲ. ಅವರಿಗೂ ಮೇಲಿನವರ ಕಾಟ ಇರುತ್ತದೆ, ಕಾಗದ ಸರಿಯಿದ್ದರೆ ಅವರಿಗೇ ಅನುಕೂಲ.

ಮುದ್ರಾ ಸಾಲವನ್ನು ‘ಮೋದಿ ಕೊಡೋ ದುಡ್ಡು’ ಎಂದೂ, ರಾಜ್ಯದ ಉದ್ಯೋಗಿನಿ ಯೋಜನೆಯ ಸಾಲವನ್ನು ‘ಸಿದ್ದರಾಮಯ್ಯ ಕೊಡೋ ದುಡ್ಡು’ ಎಂದೂ ಹೇಳುವುದನ್ನು ನಿಲ್ಲಿಸಿ. ಎರಡೂ ಸಾಲ, ತೀರಿಸಬೇಕು. ಮುದ್ರಾದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಇದೆ. ಮೂರನೆಯ ಬಾರಿಯೂ ಶಿಶುವಿಗೇ ಅರ್ಜಿ ಬರೆಯಲು ಬಂದವರನ್ನು ಕೂರಿಸಿ ಕೇಳಿ: ವ್ಯಾಪಾರ ಬೆಳೆದಿಲ್ಲವೋ, ಕೇಳಲು ಸಂಕೋಚವೋ?

ಸಹಾಯಧನ ಕೈಗೆ ಬರುತ್ತದೆ ಎಂಬ ಆಸೆ ಹುಟ್ಟಿಸಬಾರದು. ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ. 35, ಪಟ್ಟಣದಲ್ಲಾದರೆ ಶೇ. 25 ಎಂಬುದು ನಿಜ. ಆದರೆ ಆ ಹಣ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅಷ್ಟರೊಳಗೆ ಘಟಕ ಮುಚ್ಚಿದರೆ ಅದೂ ಕೈತಪ್ಪಬಹುದು. ಈ ಮಾತು ಹೇಳದೆ ಕೊಡಿಸಿದ ಸಾಲದ ಪೂರ್ತಿ ಹೊಣೆ ಹೇಳದವರದ್ದೇ. ಇಂಥ ಯೋಜನೆಗಳ ಮಿತಿ, ಅವಧಿ ಆಗಾಗ ಬದಲಾಗುವುದರಿಂದ ಹಳೆಯ ಕರಪತ್ರ ಹಂಚಬಾರದು, ಹೊಸದನ್ನು ಇಲಾಖೆಯಿಂದಲೇ ತರಿಸಬೇಕು.

ದಲ್ಲಾಳಿಗಳ ಹೆಸರು, ನಂಬರು ಈ ಮೇಜಿನಿಂದ ಯಾರಿಗೂ ಹೋಗಬಾರದು. ‘ಮಂಜೂರಾದ ಮೇಲೆ ಇಷ್ಟು ಪರ್ಸೆಂಟ್’ ಎನ್ನುವವನು ನಿಮ್ಮ ಸ್ವಂತ ಭಾವನಾದರೂ ಅಷ್ಟೆ.

ದುಡ್ಡು ಯಾರ ಕೈಯಲ್ಲಿ

ಸಾಲ ಮಂಜೂರಾಯಿತೆಂದು ಪೇಢೆ ಹಂಚಿ ಕೈತೊಳೆದುಕೊಳ್ಳಬಾರದು. ಮುಂದಿನದೇ ಕಷ್ಟದ ಭಾಗ. ಹೆಂಗಸರಿಗೆ ಕೊಟ್ಟ ಬಂಡವಾಳದಿಂದ ಲಾಭ ಹುಟ್ಟುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಬಹುಕಾಲ ಹೇಳುತ್ತಿದ್ದರು. ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತು ಜತೆಗಾರರು ಭಾರತ, ಶ್ರೀಲಂಕಾ, ಘಾನಾಗಳ ಅಂಕಿ ಅಂಶಗಳನ್ನು ಮತ್ತೆ ತಿರುವಿ ನೋಡಿ 2019ರಲ್ಲಿ ಬೇರೆಯದನ್ನೇ ಕಂಡರು. ಹೆಂಡತಿಯ ಹೆಸರಿನ ದುಡ್ಡು ಗಂಡನ ವ್ಯಾಪಾರಕ್ಕೆ ಹರಿದುಹೋಗುತ್ತಿತ್ತು. ಮನೆಯಲ್ಲಿ ಆಕೆಯೊಬ್ಬಳೇ ವ್ಯಾಪಾರ ನಡೆಸುವಲ್ಲಿ ಆಕೆಯ ಲಾಭ ಚೆನ್ನಾಗಿಯೇ ಏರುತ್ತಿತ್ತು. ಉಗಾಂಡಾದಲ್ಲಿ ಎಮ್ಮಾ ರೈಲಿ ನಡೆಸಿದ ಪ್ರಯೋಗವೂ ಇದೇ ದಾರಿಯದು: ಸಾಲವನ್ನು ನಗದಾಗಿ ಕೊಡುವ ಬದಲು ಆಕೆಯದೇ ಮೊಬೈಲ್ ಖಾತೆಗೆ ಹಾಕಿದಾಗ ಲಾಭ ಸುಮಾರು ಶೇ. 15 ಹೆಚ್ಚಿತು. ಖಾತೆ ಯಾರ ಕೈಯಲ್ಲಿ ಎಂಬುದು ಅಷ್ಟು ದೊಡ್ಡ ವಿಷಯ.

ಆದ್ದರಿಂದ ಯಂತ್ರದ ದುಡ್ಡು ಬ್ಯಾಂಕಿನಿಂದ ನೇರ ಅಂಗಡಿಯವನಿಗೆ, ಉಳಿದದ್ದು ಆಕೆಯೊಬ್ಬಳ ಹೆಸರಿನ ಖಾತೆಗೆ ಹೋಗುವಂತೆ ನೋಡಿಕೊಳ್ಳಬೇಕು. ಎಟಿಎಂ ಕಾರ್ಡು, ಅದರ ಪಿನ್ನು ಆಕೆಯಲ್ಲೇ ಇರಬೇಕು. ಗಂಡನ ಟ್ರ್ಯಾಕ್ಟರ್ ಕಂತಿಗೆಂದೋ ನಾದಿನಿಯ ಮದುವೆಗೆಂದೋ ಸಾಲ ತೆಗೆಸಲು ಬಂದದ್ದು ಗೊತ್ತಾದರೆ ಉದ್ಯಮದ ಅರ್ಜಿ ಬರೆದುಕೊಡಬಾರದು. ಕುಟುಂಬದ ವಿಷಯದಲ್ಲಿ ನಾವ್ಯಾಕೆ ತಲೆ ಹಾಕಬೇಕು ಎನ್ನುವವರಿಗೆ ಒಂದೇ ಮಾತು: ಕಂತು ತಪ್ಪಿದಾಗ ಸಹಿ ಹಾಕಿದವಳ ಬಾಗಿಲಿಗೇ ಬರುತ್ತಾರೆ.

ವಾರದ ಕಂತಿನ ಸಾಲಗಳ ಬಗ್ಗೆ ಕೇಳಿ ತಿಳಿದುಕೊಳ್ಳದೆ ಹೊಸ ಸಾಲಕ್ಕೆ ಕೈ ಹಾಕಬಾರದು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಗೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೀರಿದೆ ಎಂದು ಕಂಡರೆ ಮೊದಲು ಹಳೆಯದನ್ನು ಇಳಿಸುವ ದಾರಿ ನೋಡಿ. ಮನೆ ಮುಂದೆ ಕೂತು ಬೈಯುವ ವಸೂಲಿಗಾರರ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಪೊಲೀಸ್ ಠಾಣೆಗೆ ಹೋಗಬಹುದೆಂದು ತಿಳಿಸಿ, ಬೇಕಾದರೆ ಜತೆಗೆ ಹೋಗಿ.

ಕಂತು ಯಾವಾಗ ಶುರು ಎಂದು ಸಹಿಗೆ ಮೊದಲೇ ಕೇಳಿಸಬೇಕು. ಕೋಲ್ಕತ್ತದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮೊದಲ ಕಂತನ್ನು ಎರಡು ವಾರದ ಬದಲು ಎರಡು ತಿಂಗಳ ಮೇಲೆ ಕಟ್ಟಲು ಬಿಟ್ಟವರು ವ್ಯಾಪಾರಕ್ಕೆ ಹೆಚ್ಚು ಹಾಕಿದರು, ವರ್ಷಗಳ ಮೇಲೆ ನೋಡಿದರೆ ಲಾಭವೂ ಹೆಚ್ಚಿತ್ತು. ಆದರೆ ಸಾಲ ತೀರಿಸಲು ತಪ್ಪಿದವರೂ ಆ ಗುಂಪಿನಲ್ಲೇ ಜಾಸ್ತಿ. ಎರಡನ್ನೂ ಹೇಳಿ, ಬರೀ ಸಿಹಿ ಹೇಳಬೇಡಿ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆಯಲ್ಲಿ ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ ಇರುತ್ತದೆ. ಅದನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಕನ್ನಡದಲ್ಲಿ ಕೇಳಿಸಿ.

ಜತೆಗಾರರು

ತರಬೇತಿಗೆ ಒಬ್ಬೊಬ್ಬರನ್ನೇ ಕರೆಯಬಾರದು, ಗೆಳತಿಯ ಜತೆ ಬನ್ನಿ ಎನ್ನಬೇಕು. ಅಹಮದಾಬಾದಿನ ಸೇವಾ ಬ್ಯಾಂಕಿನ ಗ್ರಾಹಕರಿಗೆ ಎರಡು ದಿನದ ಪುಟ್ಟ ತರಬೇತಿ ಕೊಟ್ಟಾಗ, ಗೆಳತಿಯನ್ನು ಕರೆತಂದವರು ಆಮೇಲೆ ಹೆಚ್ಚಾಗಿ ವ್ಯಾಪಾರಕ್ಕೆ ಸಾಲ ತೆಗೆದರು, ಅವರ ಮನೆಯ ಆದಾಯವೂ ಏರಿತು. ಪಾಠ ಒಂದೇ, ಪಕ್ಕದಲ್ಲಿ ಕೂತವರಷ್ಟೇ ಬೇರೆ. ಬೆಂಗಳೂರಿನ ಮಹಿಳಾ ಉದ್ಯಮಿಗಳ ಸಂಘ ಅವೇಕ್ 1983ರಿಂದ ಮಾಡುತ್ತ ಬಂದದ್ದೂ, ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಹಳೆಯ ವಿದ್ಯಾರ್ಥಿಗಳು ಪರಸ್ಪರ ಮಾಡಿಕೊಳ್ಳುವುದೂ ಹೆಚ್ಚು ಕಡಿಮೆ ಇದನ್ನೇ.

ವಾಟ್ಸಾಪ್ ಗುಂಪು ಮಾಡಿ. ಆದರೆ ಅದರಲ್ಲಿ ಶುಭೋದಯ, ದೇವರ ಫೋಟೊ, ಪಕ್ಷದ ಪ್ರಚಾರ ನಿಷಿದ್ಧ. ಯಾವ ಅಂಗಡಿ ದುಡ್ಡು ಎಳೆಯುತ್ತದೆ, ಬ್ಯಾಡಗಿ ಮೆಣಸಿನಕಾಯಿ ಇವತ್ತು ಏನು ದರ, ಪ್ಯಾಕಿಂಗ್ ಚೀಲ ಎಲ್ಲಿ ಸಗಟು ಸಿಗುತ್ತದೆ, ಇಷ್ಟು ಸಾಕು.

ಬಾಕಿ ವಸೂಲಿಗೂ ಜತೆ ಬೇಕು. ಉದ್ಯಮ್ ನೋಂದಣಿ ಇರುವ ತಯಾರಕರಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬರೀ ಕೊಂಡು ಮಾರುವವರಿಗೆ ಇದು ಅನ್ವಯಿಸುವುದಿಲ್ಲ, ಸುಮ್ಮನೆ ಆಸೆ ತೋರಿಸಬೇಡಿ. ಬಿಲ್ ಬರೆಯದೆ ಮಾಲು ಕೊಟ್ಟವರಿಗಂತೂ ಯಾವ ಕಾನೂನೂ ನೆರವಿಗೆ ಬಾರದು. ಅದಕ್ಕೇ ಬಿಲ್ ಪುಸ್ತಕ ಅಚ್ಚು ಹಾಕಿಸುವುದು ಮೊದಲ ದಿನದ ಕೆಲಸ.

ಸಮಾರಂಭ

ಶಾಲು, ಮೊಮೆಂಟೊ, ಹೂಗುಚ್ಛಕ್ಕೆ ಈ ಮೇಜಿನ ಹಣ ಖರ್ಚು ಮಾಡಬಾರದು. ಸಾಲ ಸಿಕ್ಕವರನ್ನು ಚೆಕ್ಕಿನ ದೊಡ್ಡ ಫಲಕ ಹಿಡಿಸಿ ನಿಲ್ಲಿಸಬಾರದು. ಸಾಲದ ಮೊತ್ತ ಊರಿಗೆಲ್ಲ ಗೊತ್ತಾದರೆ ಕೈಸಾಲ ಕೇಳುವ ನೆಂಟರು ಮರುದಿನವೇ ಮನೆಗೆ ಬರುತ್ತಾರೆ.

ಸಾಲದ ಶಿಬಿರವನ್ನು ಮಾರ್ಚ್ 8ಕ್ಕೆ ಇಡಬೇಡಿ. ಮಹಿಳಾ ದಿನಕ್ಕೆ ಭಾಷಣಕಾರರು ಸಿಗುತ್ತಾರೆ, ಆದರೆ ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದ ಬ್ಯಾಂಕಿನವರು ಸಿಗುವುದಿಲ್ಲ. ಜೂನ್‌ನಲ್ಲಿ, ಶಾಲೆ ಶುರುವಾಗಿ ಒಂದೆರಡು ವಾರ ಕಳೆದ ಮೇಲೆ ಇಡಿ. ಮೇಜು ತೆರೆಯುವ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 2. ಸಂಜೆ ಇಟ್ಟರೆ ನಲ್ಲಿ ನೀರು, ಅಡುಗೆ, ಮಕ್ಕಳ ನಡುವೆ ಯಾರೂ ಬರಲಾಗುವುದಿಲ್ಲ. ಮಗುವನ್ನು ಎತ್ತಿಕೊಂಡು ಬಂದವರಿಗೆ ಸರದಿ ಬೇಡ, ಮೊದಲು ಅವರನ್ನೇ ಕರೆಯಿರಿ.