ನೋಟರಿ ಮುದ್ರೆ ನೋಡಿ ದುಡ್ಡು ಕೊಡಬೇಡಿ, ರಿಜಿಸ್ಟರ್ ನೋಡಿ ಕೊಡಿ

ಗಂಗಾವತಿ, ಕನಕಗಿರಿ ಕಡೆಯ ಜಮೀನು ವ್ಯಾಜ್ಯಗಳಲ್ಲಿ ಒಂದೇ ಬಗೆಯ ಕಾಗದ ಮತ್ತೆ ಮತ್ತೆ ಕೈಗೆ ಬರುತ್ತದೆ. ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿಸಿದ ಖರೀದಿ ಕರಾರು, ಕೆಳಗೆ ಹೆಬ್ಬೆಟ್ಟು, ಇಬ್ಬರು ಸಾಕ್ಷಿದಾರರ ಸಹಿ, ಟಿಕೆಟ್ಟಿನ ಮೇಲೆ ದುಂಡು ಮುದ್ರೆ. ‘ನೋಟರಿ ಆಗೇತ್ರೀ ವಕೀಲರ, ಇನ್ನೇನ ಚಿಂತಿ?’ ಎನ್ನುತ್ತಾರೆ ತಂದವರು. ಲಕ್ಷಗಟ್ಟಲೆ ಮುಂಗಡ ಕೊಟ್ಟಾಗಿರುತ್ತದೆ. ಮಾರಿದವನು ‘ಈ ಹೆಬ್ಬೆಟ್ಟು ನಂದಲ್ಲ’ ಎಂದ ದಿನದಿಂದ ಅವರ ನಿದ್ದೆ ಹೋಗುತ್ತದೆ.

ಮುದ್ರೆ ಹೇಗಿರಬೇಕೆಂದು 1956ರ ನೋಟರಿ ನಿಯಮಗಳಲ್ಲೇ ಬರೆದಿದೆ. 5 ಸೆಂಟಿಮೀಟರ್ ಅಗಲದ ಸಾದಾ ದುಂಡು ಮುದ್ರೆ. ಅದರಲ್ಲಿ ನೋಟರಿಯ ಹೆಸರು, ಅವರು ಕೆಲಸ ಮಾಡಬಹುದಾದ ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಪ್ರದೇಶದ ಹೆಸರನ್ನು ತಪ್ಪದೆ ಓದಿ. ಬೇರೆ ಜಿಲ್ಲೆಗಷ್ಟೇ ನೇಮಕವಾದವರು ಇಲ್ಲಿ ಕುಳಿತು ಮುದ್ರೆ ಹಾಕುವಂತಿಲ್ಲ. ನೋಟರಿ ವೃತ್ತಿಯ ಪ್ರಮಾಣಪತ್ರದ ಅವಧಿ 5 ವರ್ಷ. ನವೀಕರಿಸದಿದ್ದರೆ ಅಧಿಕಾರವೂ ಮುಗಿಯಿತು. ಅವಧಿ ಮುಗಿಯುವ ದಿನಾಂಕ ಹಲವರ ಮುದ್ರೆಯಲ್ಲೇ ಇರುತ್ತದೆ. ಇಲ್ಲದಿದ್ದರೆ ಕೇಳಿ, ಕೇಳಲು ಹೆದರಬೇಡಿ.

ಇದೆಲ್ಲ ಸರಿಯಿದ್ದರೂ ಮೋಸ ಆಗುತ್ತದೆ, ಅದೂ ಮುದ್ರೆ ಅಸಲಿಯಾಗಿದ್ದಾಗಲೇ ಹೆಚ್ಚು. ಝೆರಾಕ್ಸ್ ಅಂಗಡಿಯಲ್ಲಿ ಕರಾರು ಟೈಪ್ ಆಗುತ್ತದೆ. ಅಲ್ಲಿಯೇ ಸಹಿ ಮಾಡಿಸುತ್ತಾರೆ. ‘ನೀವು ಚಾ ಕುಡೀರಿ, ನಾ ಮುದ್ರಿ ಹಾಕಿಸ್ಕೊಂಡ್ ಬರ್ತೀನಿ’ ಎಂದು ದಲ್ಲಾಳಿ ಕಾಗದ ಎತ್ತಿಕೊಂಡು ಹೋಗುತ್ತಾನೆ. ಹತ್ತು ನಿಮಿಷಕ್ಕೆ ಮುದ್ರೆ ಬಿದ್ದ ಕಾಗದ ವಾಪಸ್. ಕೊಂಡವರೂ ಮಾರಿದವರೂ ನೋಟರಿಯ ಮುಖ ನೋಡಿರುವುದಿಲ್ಲ. ಕೆಲವು ಕಡೆ ಮುದ್ರೆ ನೋಟರಿಯ ಬಳಿಯೇ ಇರುವುದಿಲ್ಲ, ಗುಮಾಸ್ತನ ಡ್ರಾದಲ್ಲಿ ಬಿದ್ದಿರುತ್ತದೆ. ನೋಟರಿಯ ಮುದ್ರೆಯನ್ನು ನ್ಯಾಯಾಲಯ ಬೇರೆ ಪುರಾವೆ ಕೇಳದೆ ಗುರುತಿಸುತ್ತದೆ. ಇಷ್ಟು ತೂಕದ ವಸ್ತುವನ್ನು ಬೀಗದೊಳಗೆ ಇಡದೆ ಕಂಡವರ ಕೈಗೆ ಬಿಡುವುದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ.

ಪ್ರತಿ ನೋಟರಿಯೂ ಒಂದು ರಿಜಿಸ್ಟರ್ ಇಡಲೇಬೇಕು. ಕ್ರಮಸಂಖ್ಯೆ, ದಿನಾಂಕ, ಬರೆದುಕೊಟ್ಟವರ ಹೆಸರು ವಿಳಾಸ, ಕಾಗದದ ವಿಷಯ, ಪಡೆದ ಶುಲ್ಕ ಎಲ್ಲವೂ ಅದರಲ್ಲಿರಬೇಕು. ಬರೆದುಕೊಟ್ಟವರ ಸಹಿಯೂ ಅದರಲ್ಲೇ ಬೀಳಬೇಕು. ಸಹಿ ನನ್ನದಲ್ಲ ಎಂಬ ತಕರಾರು ಎದ್ದಾಗ ನಾವು ಕರೆಸುವುದು ನೋಟರಿಯನ್ನು ಮತ್ತು ಆ ರಿಜಿಸ್ಟರನ್ನು. ಆ ದಿನದ ಪುಟದಲ್ಲಿ ನಿಮ್ಮ ಕರಾರಿನ ಸಾಲು ಇಲ್ಲದಿದ್ದರೆ, ಅಥವಾ ಸಹಿಯ ಜಾಗ ಖಾಲಿಯಿದ್ದರೆ, ಎದುರು ಪಕ್ಷದ ವಕೀಲರಿಗೆ ಇನ್ನೇನೂ ಬೇಕಾಗಿಲ್ಲ.

ಆದ್ದರಿಂದ ಮಾರುವವರನ್ನು ಕರೆದುಕೊಂಡೇ ನೋಟರಿಯ ಎದುರು ಹೋಗಿ. ಸಹಿ, ಹೆಬ್ಬೆಟ್ಟು ಅಲ್ಲಿಯೇ ಆಗಲಿ. ಕರಾರಿನಲ್ಲೂ ಆಗಲಿ, ರಿಜಿಸ್ಟರಿನಲ್ಲೂ ಆಗಲಿ. ರಿಜಿಸ್ಟರಿನ ಕ್ರಮಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹಣ ಕೊಡುವುದು ಆಮೇಲೆ. ಓದಲು ಬಾರದವರಿಗೆ ಕರಾರನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ ಎಂಬ ಸಾಲು ಇರಬೇಕು, ಸುಮ್ಮನೆ ಸಾಲು ಬರೆದು ಓದದೆ ಬಿಟ್ಟರೆ ಆಗದು. ಮುದುಕರು ಹಾಸಿಗೆ ಹಿಡಿದಿದ್ದರೆ? ನೋಟರಿಯವರನ್ನೇ ಮನೆಗೆ ಕರೆಯಿರಿ, ಪ್ರಯಾಣ ಭತ್ಯೆ ಪಡೆಯಲು ನಿಯಮದಲ್ಲೇ ಅವಕಾಶವಿದೆ. ಶುಲ್ಕದ ಫಲಕ ಕಚೇರಿಯ ಒಳಗೂ ಹೊರಗೂ ಇರಬೇಕು. ಫಲಕ ಕಾಣದಿದ್ದರೆ ದರ ಕೇಳಿ, ರಸೀದಿ ಕೇಳಿ. ಖಾಲಿ ಬಾಂಡಿಗೆ ಮಾತ್ರ ಯಾರು ಹೇಳಿದರೂ ಸಹಿ ಹಾಕಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಹೊಲ ನಿಮ್ಮದಾಗಿಲ್ಲ. ಜಮೀನು ಕೈ ಬದಲಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರದಿಂದ ಮಾತ್ರ. ನೋಟರಿ ಕರಾರಿನಿಂದ ಸಿಗುವುದು ‘ನೋಂದಣಿ ಮಾಡಿಕೊಡು’ ಎಂದು ದಾವೆ ಹೂಡುವ ಹಕ್ಕು. ಅದಕ್ಕೂ 3 ವರ್ಷದ ಗಡುವು: ಕರಾರಿನಲ್ಲಿ ದಿನಾಂಕ ಹಾಕಿದ್ದರೆ ಅಂದಿನಿಂದ, ಹಾಕದಿದ್ದರೆ ಅವರು ಮಾಡಿಕೊಡುವುದಿಲ್ಲ ಎಂದದ್ದು ನಿಮಗೆ ತಿಳಿದಂದಿನಿಂದ. ಇನ್ನೊಂದು ಗಂಡಾಂತರವಿದೆ. ‘ಜಮೀನಿನ ಕಬ್ಜೆ ಕೊಟ್ಟಿದೆ’ ಎಂಬ ಸಾಲನ್ನು ಬರಹಗಾರರು ರೂಢಿಯಿಂದ ಸೇರಿಸಿಬಿಡುತ್ತಾರೆ. ಆ ಒಂದು ಸಾಲಿನಿಂದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟದೆ ಆ ಕಾಗದವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ನಮ್ಮ ಕಡೆಯ ನವಲಿಯ ಸುತ್ತ ಈ ನೋಂದಣಿ ಇನ್ನೂ ಮುಖ್ಯ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಕಳೆದುಹೋದ ನೀರಿನ ಬದಲಿಗೆ ಇಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಇದೆ. ನಾಳೆ ಭೂಸ್ವಾಧೀನವಾದರೆ ಅಧಿಕಾರಿಗಳು ಮೊದಲು ನೋಡುವುದು ಪಹಣಿ. ನೋಟರಿ ಕರಾರು ಹಿಡಿದು ಪರಿಹಾರಕ್ಕೆ ಹೋದವರು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಮೋಸ ಆಗಿದ್ದರೆ ದಾರಿ ಎರಡು. ನೋಟರಿಯಲ್ಲದವನು ನೋಟರಿಯೆಂದು ಮುದ್ರೆ ಹಾಕಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ, ಠಾಣೆಗೆ ಹೋಗಿ. ನಿಜವಾದ ನೋಟರಿಯೇ ತಮ್ಮ ಕೆಲಸದಲ್ಲಿ ತಪ್ಪೆಸಗಿದ್ದರೆ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ದೂರಿಲ್ಲದೆ ಕೋರ್ಟು ಆ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ನೋಟರಿ ನಿಯಮಗಳ 13ನೇ ನಿಯಮದಡಿ, ನಮೂನೆ 13ರಲ್ಲಿ, ಅವರನ್ನು ನೇಮಿಸಿದ ಸರ್ಕಾರಕ್ಕೇ ದುರ್ನಡತೆಯ ದೂರು ಕೊಡಬೇಕು. ರಾಜ್ಯ ನೇಮಿಸಿದವರಾದರೆ ಬೆಂಗಳೂರಿನ ಕಾನೂನು ಇಲಾಖೆ, ಕೇಂದ್ರ ನೇಮಿಸಿದವರಾದರೆ ದಿಲ್ಲಿ. ಯಾವ ಸರ್ಕಾರವೆಂಬುದು ಮುದ್ರೆಯಲ್ಲೇ ಇದೆ. ‘ಇದು ನಮ್ಮ ಕೆಲಸ ಅಲ್ಲ’ ಎಂದು ಒಂದು ಮೇಜಿನಿಂದ ಇನ್ನೊಂದಕ್ಕೆ ಅಟ್ಟುವವರಿದ್ದಾರೆ. ಬಾಯಿಮಾತಿನ ಉತ್ತರಕ್ಕೆ ವಾಪಸಾಗಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದೂರು ಬರೆಯಲು ವಕೀಲರಿಗೆ ಕೊಡುವಷ್ಟು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.