ಯುದ್ಧೋತ್ತರ ದಶಕದ ದೈನಿಕ ಬದುಕು ಮತ್ತು ಮೂರು ಕಾಗದಗಳು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರ (1945–1956)

ಕನ್ನಡದ ಸಾಂಸ್ಕೃತಿಕ ಚರಿತ್ರೆಯ ಬರವಣಿಗೆಯಲ್ಲಿ ಎರಡನೆಯ ಮಹಾಯುದ್ಧದ ನಂತರದ ದಶಕವು ಮುಖ್ಯವಾಗಿ ಎರಡು ಘಟನೆಗಳ ಮೂಲಕ ದಾಖಲಾಗಿದೆ. ಒಂದು ಸ್ವಾತಂತ್ರ್ಯ, ಮತ್ತೊಂದು ಏಕೀಕರಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರಕ್ಕೆ ಈ ಎರಡರಲ್ಲಿಯೂ ಗಣನೀಯ ಪಾಲಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಂದಿಗೆ ಹೊಸರಿತ್ತಿಯಲ್ಲಿ ಹುತಾತ್ಮರಾದದ್ದು 1943ರ ಏಪ್ರಿಲ್ 1ರಂದು. ಹಲಗೇರಿಯ ಪಾಟೀಲ ಪುಟ್ಟಪ್ಪನವರು ‘ಪ್ರಪಂಚ’ ವಾರಪತ್ರಿಕೆಯನ್ನು ಆರಂಭಿಸಿದ್ದು 1954ರಲ್ಲಿ. ಆದರೆ ಈ ಅವಧಿಯಲ್ಲಿ ಸಾಮಾನ್ಯ ಕುಟುಂಬದ ದಿನನಿತ್ಯದ ಬದುಕು ಹೇಗೆ ಬದಲಾಯಿತು ಎಂಬ ಪ್ರಶ್ನೆ ಅಂಚಿಗೆ ಸರಿದಿದೆ. ರೇಶನ್ ಕಾರ್ಡು, ಮತದಾರರ ಯಾದಿ, ಜಮೀನಿನ ಉತಾರ ಎಂಬ ಮೂರು ಕಾಗದಗಳ ಮೂಲಕ ಆ ಬದಲಾವಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರೇಶನ್ ಕಾರ್ಡು

ಈ ಮೂರೂ ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ರಾಣೆಬೆನ್ನೂರಿನ ಆಚೆ ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನದ ಹರಿಹರ. ಬೀಗತನಕ್ಕೆ ಈ ಹೊಳೆ ಎಂದೂ ಗಡಿಯಾಗಿರಲಿಲ್ಲ. ಯುದ್ಧಕಾಲದ ಆಹಾರ ನಿಯಂತ್ರಣವು ಧಾನ್ಯದ ಸಾಗಣೆಯನ್ನು ನಿರ್ಬಂಧಿಸಿದಾಗ ಜೋಳದ ಚೀಲಕ್ಕೆ ಅದು ಗಡಿಯಾಯಿತು. ಒಕ್ಕಲಿಗನು ಬೆಳೆದುದರಲ್ಲಿ ಒಂದು ಪಾಲನ್ನು ಲೆವಿಯಾಗಿ ಸರಕಾರಕ್ಕೆ ಕೊಡಬೇಕಿತ್ತು. ಪೇಟೆಯವನು ಕಾರ್ಡು ಹಿಡಿದು ಸರದಿಯಲ್ಲಿ ನಿಲ್ಲಬೇಕಿತ್ತು. 1947ರ ಡಿಸೆಂಬರಿನಲ್ಲಿ ಸಡಿಲಗೊಂಡ ನಿಯಂತ್ರಣವು 1948ರಲ್ಲಿ ಮತ್ತೆ ಜಾರಿಗೆ ಬಂದು, 1954ರಲ್ಲಿ ಕೊನೆಗೊಂಡಿತು. ಯುದ್ಧ ಮುಗಿದ ಮೇಲೂ ಸುಮಾರು ಒಂಬತ್ತು ವರ್ಷ ಯುದ್ಧಕಾಲದ ಈ ವ್ಯವಸ್ಥೆ ಅಡುಗೆಮನೆಯಲ್ಲಿ ಉಳಿಯಿತು ಎಂಬುದು ಗಮನಾರ್ಹ.

ಇದರ ಪರಿಣಾಮ ಹೊಟ್ಟೆಯ ಪ್ರಶ್ನೆಗೆ ಸೀಮಿತವಾಗಿರಲಿಲ್ಲ. ಅದುವರೆಗೆ ಬರಗಾಲದಲ್ಲಿ ಕಾಳು ಕಡ ಕೊಡುತ್ತಿದ್ದವನು ಊರ ಸಾಹುಕಾರ ಅಥವಾ ಗೌಡ. ಆ ಕಡದೊಂದಿಗೆ ಬಿಟ್ಟಿ ದುಡಿಮೆ, ವಿಧೇಯತೆಗಳು ಅಂಟಿಕೊಂಡಿದ್ದವು. ರೇಶನ್ ಕಾರ್ಡಿನ ಕಾಳಿಗೆ ರೊಕ್ಕ ಬೇಕಿತ್ತೇ ಹೊರತು ಕೈಮುಗಿಯಬೇಕಾಗಿರಲಿಲ್ಲ. ರೊಕ್ಕದ ಮಹತ್ವ ಹೆಚ್ಚಿದಂತೆ ಪೇಟೆಯ ಬೆಳೆಗಳ ಮಹತ್ವವೂ ಹೆಚ್ಚಿತು. ಧಾನ್ಯದ ಲೆವಿಯ ವ್ಯಾಪ್ತಿಗೆ ಬರದ ಹತ್ತಿ ಮತ್ತು ಮೆಣಸಿನಕಾಯಿಗಳು ರೊಕ್ಕ ತರುವ ಬೆಳೆಗಳಾಗಿದ್ದವು. ಬ್ಯಾಡಗಿ ಪೇಟೆಯಲ್ಲಿ ದಲಾಲರ ಅಂಗಡಿ, ಹಮಾಲರ ದುಡಿಮೆ, ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳ ಕೂಲಿ ಇವೆಲ್ಲವೂ ಕಾಳಿನ ಬದಲು ರೊಕ್ಕದ ಲೆಕ್ಕಕ್ಕೆ ಹೊಂದಿಕೊಂಡ ಬದುಕನ್ನು ಸೂಚಿಸುತ್ತವೆ.

2. ಮತದಾರರ ಯಾದಿ

ಅದುವರೆಗೆ ತೆರಿಗೆ, ಆಸ್ತಿ, ವಿದ್ಯೆಗಳಿಗೆ ಸೀಮಿತವಾಗಿದ್ದ ಮತಾಧಿಕಾರವು 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ದೊರೆಯಿತು. ಹೊಲವಿಲ್ಲದ ಕೂಲಿಕಾರ, ದಲಿತ ಕೇರಿಯ ಹೆಣ್ಣುಮಗಳು, ಊರ ಗೌಡ ಒಂದೇ ಯಾದಿಯಲ್ಲಿ ಸೇರಿದರು. ಇದೇ ಹೊತ್ತಿಗೆ 1950ರ ಕಾನೂನು ಕುಲಕರ್ಣಿ ವತನವನ್ನು ರದ್ದುಗೊಳಿಸಿತು. ವಂಶಪಾರಂಪರ್ಯವಾಗಿ ಊರಿನ ಲೆಕ್ಕ ಹಿಡಿದಿದ್ದ ಮನೆಯ ಸ್ಥಾನದಲ್ಲಿ ಸಂಬಳದ ತಲಾಠಿ ಬಂದನು. ಊರಿನ ದಫ್ತರವು ಒಂದು ಮನೆತನದ ಸ್ವತ್ತಾಗಿರುವುದು ತಪ್ಪಿ ಸರಕಾರದ ಸ್ವತ್ತಾಯಿತು. ಆದರೆ ಗೌಡಿಕೆ ಹಾಗೆಯೇ ಉಳಿಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಮೈಸೂರು ಕಾನೂನು ಜಾರಿಗೆ ಬಂದದ್ದು 1963ರಲ್ಲಿ. ಬರಹದ ಅಧಿಕಾರ ಮೊದಲು ಕದಲಿತು, ದಂಡದ ಅಧಿಕಾರ ತಡವಾಗಿ ಕದಲಿತು.

3. ಜಮೀನಿನ ಉತಾರ

ಮೂರರಲ್ಲಿ ನಿರ್ಣಾಯಕವಾದುದು ಉತಾರ. 1948ರ ಮುಂಬಯಿ ಗೇಣಿ ಕಾಯ್ದೆಯು ಗೇಣಿಯ ಮಿತಿಯನ್ನು ನೀರಾವರಿ ಇಲ್ಲದ ಭೂಮಿಗೆ ಬೆಳೆಯ ಮೂರನೆಯ ಒಂದು ಪಾಲಿಗೆ, ನೀರಾವರಿ ಭೂಮಿಗೆ ನಾಲ್ಕನೆಯ ಒಂದು ಪಾಲಿಗೆ ಇಳಿಸಿತು. ಕೋರಿಗೆ ಅಥವಾ ಲಾವಣಿಗೆ ಹೊಲ ಮಾಡುತ್ತಿದ್ದ ಒಕ್ಕಲಿಗೆ ಕಾನೂನಿನ ರಕ್ಷಣೆ ದೊರೆಯಿತು. ಆದರೆ ಕೋರು ಎಂಬುದು ಬಹುಮಟ್ಟಿಗೆ ಬಾಯಿಮಾತಿನ ಒಪ್ಪಂದ. ಉತಾರದಲ್ಲಿ ಹೆಸರಿಲ್ಲದವನಿಗೆ ಕಾಯ್ದೆಯ ಆಸರೆ ದುರ್ಲಭ. ಸ್ವಂತ ಸಾಗುವಳಿಯ ಕಾರಣ ಹೇಳಿ ಹೊಲ ಬಿಡಿಸಿಕೊಳ್ಳಲು ಅದೇ ಕಾಯ್ದೆ ಮಾಲೀಕನಿಗೆ ಅವಕಾಶ ನೀಡಿತ್ತು. ಪುಣೆಯ ಗೋಖಲೆ ಸಂಸ್ಥೆಗಾಗಿ ವಿ. ಎಂ. ದಾಂಡೇಕರ್ ಮತ್ತು ಜಿ. ಜೆ. ಖುದಾನ್‌ಪುರ್ ನಡೆಸಿ 1957ರಲ್ಲಿ ಪ್ರಕಟಿಸಿದ ಅಧ್ಯಯನವು, ‘ಸ್ವಇಚ್ಛೆ’ಯ ಹೆಸರಿನಲ್ಲಿ ಒಕ್ಕಲುಗಳು ಹೊಲ ಬಿಟ್ಟುಕೊಟ್ಟ ಪ್ರವೃತ್ತಿ ಮುಂಬಯಿ ರಾಜ್ಯದಲ್ಲಿ ವ್ಯಾಪಕವಾಗಿತ್ತೆಂದು ತೋರಿಸಿದೆ. ಬಾಯಿಮಾತಿಗೆ ಬೆಲೆಯಿದ್ದ ಸಮಾಜದಲ್ಲಿ ನಂಬಿಗಸ್ತನೆನಿಸಿದ ಒಕ್ಕಲು, ಕಾಗದಕ್ಕೆ ಬೆಲೆ ಬಂದ ಕೂಡಲೇ ನಿರಾಧಾರನಾದನು.

4. ಏಕೀಕರಣ ಮತ್ತು ಐದು ತಿಂಗಳ ಅಂತರ

ಈ ಹಿನ್ನೆಲೆಯಲ್ಲಿ 1956ನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಆ ವರ್ಷದ ಮುಂಬಯಿ ತಿದ್ದುಪಡಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1 ‘ಉಳುವವನ ದಿನ’; ಅಂದಿನಿಂದ ಅರ್ಹ ಗೇಣಿದಾರನೇ ಭೂಮಿಯನ್ನು ಕೊಂಡವನೆಂದು ಪರಿಗಣಿತನಾಗುವನು. ಅದಕ್ಕೆ ಐದು ತಿಂಗಳ ಮೊದಲು, 1956ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯದ ಭೂಸುಧಾರಣಾ ಕಾಯ್ದೆ ರೂಪುಗೊಂಡದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರಲ್ಲಿ. ಗೇಣಿ ಭೂಮಿ ವ್ಯಾಪಕವಾಗಿ ಉಳುವವನ ಕೈ ಸೇರಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಏಕೀಕರಣದ ಔಚಿತ್ಯವನ್ನು ಇದು ಪ್ರಶ್ನಿಸುವುದಿಲ್ಲ. ಹೊಳೆಯ ಎರಡು ದಡಗಳನ್ನು ಒಂದೇ ಆಡಳಿತದಡಿ ತಂದ ಆ ಸಾಧನೆ ದೊಡ್ಡದು. ಆದರೆ ಭಾಷೆಯ ನಕ್ಷೆ ಮತ್ತು ಭೂಮಿಯ ನಕ್ಷೆ ಒಂದೇ ದಿನ ಬದಲಾಗಲಿಲ್ಲ. ಭಾಷಿಕನಾಗಿ ಗೆದ್ದವನು ಒಕ್ಕಲಾಗಿ ಕಾಯುತ್ತ ನಿಂತನು. ಏಕೀಕರಣದ ಕಥನಗಳು ಪತ್ರಿಕೆ, ಭಾಷಣ, ಆತ್ಮಕಥನಗಳನ್ನು ಆಕರವಾಗಿಸಿಕೊಂಡಿವೆ. ಮನೆಯ ಟ್ರಂಕಿನಲ್ಲಿ ಮಡಿಚಿಟ್ಟ ಹಳೆಯ ಕಾರ್ಡು, ಉತಾರದ ನಕಲು, ದಲಾಲರ ಪಟ್ಟಿಗಳೂ ಆಕರಗಳೆಂದು ಪರಿಗಣಿತವಾದಾಗ ಮಾತ್ರ ಈ ಕಾಯುವಿಕೆಯ ಚರಿತ್ರೆ ಕನ್ನಡದ ಚರಿತ್ರೆಯಲ್ಲಿ ಸ್ಥಾನ ಪಡೆಯಬಲ್ಲದು.