ಹಿಂದೆ ನಿಂತು ಆಟ ನಡೆಸುವವನು

ಕಾಲ್ಚೆಂಡಾಟವನ್ನು ನೋಡುವವರೆಲ್ಲರ ಕಣ್ಣು ಸಾಮಾನ್ಯವಾಗಿ ಮುಂದಿನ ಸಾಲಿನವರ ಮೇಲೆಯೇ ಇರುತ್ತದೆ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ನಾವು, ಆ ಚೆಂಡು ಅವನ ಕಾಲಿಗೆ ಎಲ್ಲಿಂದ ಬಂದಿತೆಂದು ವಿಚಾರಿಸುವುದು ವಿರಳ. ನಮ್ಮ ಶಾಲೆಯ ಮೈದಾನದಲ್ಲಿಯೂ ಇದೇ ರೀತಿ. ಚೆಂಡನ್ನು ಸೊಗಸಾಗಿ ಆಡಿಸಬಲ್ಲ ಹುಡುಗನಿಗೆ, “ಇಂದು ನೀನು ಸ್ವಲ್ಪ ಹಿಂದೆ ನಿಂತು ಆಡಪ್ಪಾ” ಎಂದರೆ ಸಾಕು, ಅವನ ಮುಖ ಬಾಡಿಹೋಗುತ್ತದೆ. ತನ್ನಿಂದ ಏನೋ ತಪ್ಪಾಯಿತೆಂದೂ, ಇದು ಅದಕ್ಕೆ ಕೊಟ್ಟ ಶಿಕ್ಷೆಯೆಂದೂ ಅವನು ತಿಳಿಯುತ್ತಾನೆ. ಈ ತಿಳಿವಳಿಕೆ ಸರಿಯೇ? ಇಟಲಿ ದೇಶದ ಪ್ರಖ್ಯಾತ ಆಟಗಾರನೊಬ್ಬನ ನಿದರ್ಶನವನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಆಂದ್ರೆಯಾ ಪಿರ್ಲೊ 1979ರಲ್ಲಿ ಉತ್ತರ ಇಟಲಿಯ ಬ್ರೆಷಾ ನಗರದ ಸಮೀಪ ಜನಿಸಿದನು. ಆ ನಗರದ ತಂಡದ ಪರವಾಗಿ 1995ರಲ್ಲಿ, ಹದಿನಾರು ವರ್ಷದ ಬಾಲಕನಾಗಿದ್ದಾಗಲೇ, ದೇಶದ ಅತ್ಯುನ್ನತ ಶ್ರೇಣಿಯ ಪಂದ್ಯದಲ್ಲಿ ಆಡಿದನು. ಆಗ ಆತನ ಸ್ಥಾನ ಮುಂಪಂಕ್ತಿಯ ಬೆನ್ನ ಹಿಂದೆ. ಎದುರಾಳಿಗಳ ನಡುವೆ ಸಂದು ಕಂಡುಹಿಡಿದು, ಗೋಲು ಹೊಡೆಯುವವರಿಗೆ ಚೆಂಡನ್ನು ಒದಗಿಸುವುದೇ ಅಲ್ಲಿ ಆಡುವವನ ಕೆಲಸ. 1998ರಲ್ಲಿ ಮಿಲಾನ್ ನಗರದ ಇಂಟರ್ ತಂಡ ಆತನನ್ನು ಸೇರಿಸಿಕೊಂಡಿತು. ಆದರೆ ಅಲ್ಲಿ ಆತ ನೆಲೆನಿಲ್ಲಲಿಲ್ಲ. ಒಂದು ವರ್ಷ ರೆಜ್ಜಿನಾ ತಂಡಕ್ಕೆ ಎರವಲಾಗಿ ಹೋದನು. 2001ರ ಆರಂಭದಲ್ಲಿ ತನ್ನ ಹಳೆಯ ಬ್ರೆಷಾ ತಂಡಕ್ಕೇ ಎರವಲಾಗಿ ಮರಳಿದನು. ಬಾಲ್ಯದಲ್ಲಿ ಬಹಳ ಹೊಗಳಿಸಿಕೊಂಡು, ಪ್ರಾಯಕ್ಕೆ ಬಂದಾಗ ಬೆಂಚಿನ ಮೇಲೆ ಕುಳಿತುಕೊಳ್ಳುವವರ ಸಾಲಿಗೆ ಈತನೂ ಸೇರಿಬಿಡುವನೇ ಎನ್ನುವಂತಹ ಕಾಲವದು.

ಬ್ರೆಷಾದಲ್ಲಿಯೂ ಆತನ ಸ್ಥಾನ ತೆರವಾಗಿರಲಿಲ್ಲ. ಅಲ್ಲಿ ಆಡುತ್ತಿದ್ದವನು ರೊಬೆರ್ತೊ ಬಾಜ್ಜೊ. 1993ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದವನು. ಒಂದೇ ಕುರ್ಚಿ, ಕುಳಿತುಕೊಳ್ಳಬೇಕಾದವರು ಇಬ್ಬರು. ಆಗ ತಂಡದ ಶಿಕ್ಷಕರಾಗಿದ್ದ ಕಾರ್ಲೊ ಮಾತ್ಸೋನೆಯವರು ಪಿರ್ಲೊನನ್ನು ಹೊರಗೆ ಕೂರಿಸಲಿಲ್ಲ. ಸುಮಾರು ಮೂವತ್ತು ಗಜ ಹಿಂದಕ್ಕೆ ಸರಿಸಿ, ತಮ್ಮ ರಕ್ಷಣಾಪಂಕ್ತಿಯ ಮುಂದುಗಡೆ ನಿಲ್ಲಿಸಿದರು. 2001ರ ಏಪ್ರಿಲ್ 1ರಂದು ಟುರಿನ್ ನಗರದಲ್ಲಿ ಯುವೆಂತುಸ್ ತಂಡದೊಡನೆ ಪಂದ್ಯ. ಮುಗಿಯಲು ಕೆಲವೇ ನಿಮಿಷಗಳಿದ್ದವು. ಬ್ರೆಷಾ ಒಂದು ಗೋಲಿನಿಂದ ಹಿಂದಿತ್ತು. ಪಿರ್ಲೊ ಹಿಂದಿನಿಂದಲೇ ಎದುರಾಳಿಗಳೆಲ್ಲರ ತಲೆಯ ಮೇಲೆ ಹಾದುಹೋಗುವಂತೆ ಚೆಂಡನ್ನು ಕಳುಹಿಸಿದನು. ಓಡಿಬಂದ ಬಾಜ್ಜೊ ಮೊದಲ ಸ್ಪರ್ಶದಲ್ಲಿಯೇ ಗೋಲಿಯನ್ನು ದಾಟಿ ಗೋಲು ಹೊಡೆದನು. ಒಂದು ಸ್ಥಾನಕ್ಕಾಗಿ ಸ್ಪರ್ಧಿಸಬೇಕಾಗಿದ್ದ ಇಬ್ಬರು ಹೀಗೆ ಒಬ್ಬರಿಗೊಬ್ಬರು ಪೂರಕರಾದರು.

ಹಿಂದೆ ಸರಿದುದರಿಂದ ಆತನಿಗೆ ದೊರೆತುದೇನು? ಮೊದಲನೆಯದಾಗಿ, ದೃಷ್ಟಿ. ಮುಂದೆ ಆಡುವವನು ಬಹುಮಟ್ಟಿಗೆ ಎದುರಾಳಿಯ ಗೋಲಿಗೆ ಬೆನ್ನು ಮಾಡಿ ಚೆಂಡನ್ನು ಪಡೆಯಬೇಕಾಗುತ್ತದೆ. ತಿರುಗುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಹಿಂದೆ ನಿಂತವನಿಗಾದರೋ ಮೈದಾನವೆಲ್ಲವೂ ತೆರೆದಿಟ್ಟ ಪುಸ್ತಕದಂತೆ ಎದುರಿಗಿರುತ್ತದೆ. ಎರಡನೆಯದಾಗಿ, ಸಮಯ. ಗೋಲಿನ ಹತ್ತಿರ ಎದುರಾಳಿಗಳು ಒತ್ತೊತ್ತಾಗಿ ನಿಂತಿರುತ್ತಾರೆ. ಹಿಂದೆ ಅಷ್ಟು ದಟ್ಟಣೆಯಿಲ್ಲ. ಓಟದಲ್ಲಿ ಮಂದನಾಗಿದ್ದ ಪಿರ್ಲೊನಿಗೆ ಈ ಒಂದೆರಡು ಕ್ಷಣಗಳೇ ಸಂಪತ್ತು. ಮೂರನೆಯದಾಗಿ, ಸ್ಥಳ. ಆತನನ್ನು ತಡೆಯಬೇಕಾದರೆ ಎದುರಾಳಿಗಳಲ್ಲಿ ಒಬ್ಬನು ತನ್ನ ಸಾಲನ್ನು ಬಿಟ್ಟು ಮುಂದೆ ಬರಬೇಕು. ಬಂದರೆ ಅವನ ಬೆನ್ನ ಹಿಂದೆ ಬಯಲು ತೆರೆಯುತ್ತದೆ. ಬಾರದಿದ್ದರೆ ಪಿರ್ಲೊ ನಿರಾತಂಕನಾಗಿ ಚೆಂಡನ್ನು ಕಳುಹಿಸುತ್ತಾನೆ. ಎರಡೂ ಎದುರಾಳಿಗೆ ಇಕ್ಕಟ್ಟೇ.

ಇಟಲಿಯವರು ಈ ಸ್ಥಾನದ ಆಟಗಾರನನ್ನು ‘ರೆಜಿಸ್ತ’ ಎನ್ನುತ್ತಾರೆ. ನಾಟಕ, ಚಲನಚಿತ್ರಗಳ ನಿರ್ದೇಶಕನಿಗೂ ಅವರ ಭಾಷೆಯಲ್ಲಿ ಅದೇ ಹೆಸರು. ನಮಗೆ ಇನ್ನೂ ಹತ್ತಿರದ ಉಪಮಾನವಿದೆ. ಯಕ್ಷಗಾನದಲ್ಲಿ ಭಾಗವತರು ಬಣ್ಣ ಹಚ್ಚುವುದಿಲ್ಲ, ಕಿರೀಟ ಕಟ್ಟುವುದಿಲ್ಲ. ರಂಗಸ್ಥಳದ ಹಿಂಭಾಗದಲ್ಲಿ ಕುಳಿತಿರುತ್ತಾರೆ. ಆದರೆ ಯಾವ ವೇಷ ಯಾವಾಗ ಬರಬೇಕು, ಕುಣಿತದ ವೇಗ ಎಷ್ಟಿರಬೇಕು, ಪ್ರಸಂಗ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದೆಲ್ಲ ಅವರ ತಾಳದಲ್ಲಿದೆ. ಭಾಗವತರೇ ಒಂದನೆಯ ವೇಷಧಾರಿ ಎಂಬ ಮಾತು ಸುಮ್ಮನೆ ಹುಟ್ಟಿದುದಲ್ಲ.

ಆದರೆ ಈ ಸ್ಥಾನಕ್ಕೆ ಬೆಲೆ ತೆರಬೇಕಾಗುತ್ತದೆಂಬುದನ್ನು ಮರೆಯಬಾರದು. ಮುಂದೆ ಚೆಂಡನ್ನು ಕಳೆದುಕೊಂಡರೆ ಒಂದು ಅವಕಾಶ ಮಾತ್ರ ಹೋಗುತ್ತದೆ. ಹಿಂದೆ ಕಳೆದುಕೊಂಡರೆ ನಮ್ಮ ಗೋಲೇ ಅಪಾಯಕ್ಕೆ ಸಿಕ್ಕುತ್ತದೆ. ಆದುದರಿಂದ ಮುಂದೆ ಸಾಹಸವೆನಿಸುವುದು ಹಿಂದೆ ಅವಿವೇಕವಾಗಬಹುದು. ಇದಲ್ಲದೆ, ಸೃಜನಶೀಲ ಆಟಗಾರನು ಎದುರಾಳಿಯಿಂದ ಚೆಂಡನ್ನು ಕಸಿದುಕೊಳ್ಳುವುದರಲ್ಲಿ ನಿಪುಣನಾಗಿರಲೇಬೇಕೆಂದಿಲ್ಲ. 2001ರಲ್ಲಿ ಪಿರ್ಲೊ ಎ.ಸಿ. ಮಿಲಾನ್ ತಂಡವನ್ನು ಸೇರಿದ ಬಳಿಕ ಶಿಕ್ಷಕ ಕಾರ್ಲೊ ಆಂಚೆಲೊತ್ತಿಯವರು ಆತನನ್ನು ಈ ಸ್ಥಾನದಲ್ಲಿ ಸ್ಥಿರಪಡಿಸಿದರು. ಅವನ ಒಂದು ಮಗ್ಗುಲಲ್ಲಿ ದಣಿವರಿಯದ ಗಾತ್ತೂಸೊನನ್ನೂ, ಇನ್ನೊಂದರಲ್ಲಿ ಬಲಶಾಲಿಯಾದ ಸೇಡಾರ್ಫನನ್ನೂ ನಿಲ್ಲಿಸಿದರು. ಗಾತ್ತೂಸೊ ಚೆಂಡನ್ನು ಗೆದ್ದು ತರುವನು, ಪಿರ್ಲೊ ಅದನ್ನು ಹಂಚುವನು. ಒಬ್ಬನ ಬೆವರಿಲ್ಲದೆ ಇನ್ನೊಬ್ಬನ ಜಾಣ್ಮೆ ನಡೆಯುತ್ತಿರಲಿಲ್ಲ. ಆ ತಂಡ 2003ರಲ್ಲಿಯೂ 2007ರಲ್ಲಿಯೂ ಯುರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದಿತು.

ಎದುರಾಳಿಗಳೂ ಸುಮ್ಮನಿರಲಿಲ್ಲ. 2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು ದಕ್ಷಿಣ ಕೊರಿಯದ ಪಾರ್ಕ್ ಜಿ-ಸುಂಗನನ್ನು ಪಿರ್ಲೊನ ನೆರಳಿನಂತೆ ಹಿಂಬಾಲಿಸಲು ಬಿಟ್ಟರು. ಪಿರ್ಲೊನ ಆಟ ಕಟ್ಟಿಹೋಯಿತು; ತಮ್ಮ ಮೈದಾನದಲ್ಲಿ ನಡೆದ ಪಂದ್ಯವನ್ನು ಅವರು 4–0 ರಿಂದ ಗೆದ್ದರು. ಇಡೀ ಆಟ ಒಬ್ಬನ ಮೂಲಕವೇ ಹರಿಯುವಾಗ ಆ ಒಬ್ಬನನ್ನು ಕಟ್ಟಿಹಾಕಿದರೆ ಎಲ್ಲವೂ ನಿಲ್ಲುತ್ತದೆ. ಆದುದರಿಂದ ಅಂತಹ ತಂಡದಲ್ಲಿ ಎರಡನೆಯ ದಾರಿಯೊಂದನ್ನು ಸಿದ್ಧವಾಗಿಟ್ಟುಕೊಂಡಿರಬೇಕು.

ಹಿಂದಿನ ಸ್ಥಾನವೆಂದರೆ ಸದಾ ಹಿಂದೆಯೇ ಇರಬೇಕೆಂಬ ಅರ್ಥವೂ ಅಲ್ಲ. 2006ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಹೆಚ್ಚುವರಿ ಆಟದ ಕೊನೆಯ ನಿಮಿಷಗಳು ನಡೆಯುತ್ತಿದ್ದವು. ಎರಡೂ ಕಡೆ ಗೋಲಿರಲಿಲ್ಲ. ಪಿರ್ಲೊ ಜರ್ಮನಿಯ ಗೋಲಿನ ಸಮೀಪಕ್ಕೆ ಬಂದಿದ್ದನು. ಚೆಂಡು ಕಾಲಿಗೆ ಬಂದಾಗ ಒಡನೆ ಹೊಡೆಯಲಿಲ್ಲ. ಕಾದನು, ಎದುರಾಳಿಗಳು ತನ್ನತ್ತ ಸೆಳೆಯಲ್ಪಡುವವರೆಗೆ ಕಾದನು. ಅನಂತರ ಬಲಕ್ಕೆ ನಿಂತಿದ್ದ ಗ್ರೋಸ್ಸೊನಿಗೆ ಚೆಂಡನ್ನು ಮೆಲ್ಲನೆ ಸರಿಸಿದನು. ಗೋಲಾಯಿತು, ಇಟಲಿ ಗೆದ್ದಿತು. ಜುಲೈ 9ರಂದು ಬರ್ಲಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಫ್ರಾನ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ವಿಶ್ವಕಪ್ಪನ್ನೂ ಪಡೆಯಿತು. ಆ ಪಂದ್ಯದ ಶ್ರೇಷ್ಠ ಆಟಗಾರನೆಂದು ಆರಿಸಲ್ಪಟ್ಟವನು ಪಿರ್ಲೊ. ಐದು ವರ್ಷಗಳ ಹಿಂದೆ ಸ್ವಂತ ತಂಡದಲ್ಲಿ ಸ್ಥಾನ ದೊರೆಯದೆ ಎರವಲಾಗಿ ಹೋಗಿದ್ದವನು ಇವನೇ.

ಹಾಗೆಂದು ಚತುರರಾದ ಆಟಗಾರರೆಲ್ಲರನ್ನೂ ಹಿಂದಕ್ಕೆ ಸರಿಸಬೇಕೆಂದು ನಾವು ಹೇಳುವುದಿಲ್ಲ. ವೇಗವೇ ಯಾವನ ಬಲವೋ, ಎದುರಾಳಿಯನ್ನು ಒಬ್ಬೊಬ್ಬನಾಗಿ ದಾಟುವುದೇ ಯಾವನ ಸಂತೋಷವೋ, ಅವನು ಮುಂದೆಯೇ ಇರಲಿ. ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತಲೂ ನೋಡುವವನು, ಸುಲಭದ ಪಾಸನ್ನು ತುಚ್ಛವೆಂದು ಎಣಿಸದವನು, ತನ್ನ ಗೋಲಿಗಿಂತ ಗೆಳೆಯನ ಗೋಲಿನಲ್ಲಿ ಸುಖಪಡಬಲ್ಲವನು, ಇಂತಹವನಿಗೆ ಈ ಸ್ಥಾನ ತಕ್ಕುದು.

ವಿದ್ಯಾರ್ಥಿಗಳು ಇದನ್ನು ಓದಿ ಬಿಡದೆ ಪರೀಕ್ಷಿಸಿಯೂ ನೋಡಬೇಕು. ಮುಂದಿನ ಆಟದ ಪಿರಿಯಡಿನಲ್ಲಿ ಹತ್ತು ನಿಮಿಷ ಮುಂದೆ, ಹತ್ತು ನಿಮಿಷ ಹಿಂದೆ ಆಡಿರಿ. ಚೆಂಡು ಕಾಲಿಗೆ ಬಂದ ಪ್ರತಿಸಲವೂ ನಮ್ಮವರು ಎಷ್ಟು ಮಂದಿ ಕಣ್ಣಿಗೆ ಕಂಡರೆಂದು ಮನಸ್ಸಿನಲ್ಲಿಯೇ ಎಣಿಸಿರಿ. ಹಿಂದೆ ನಿಂತಾಗ ಆ ಎಣಿಕೆ ಹೆಚ್ಚಾಯಿತೆಂದರೆ, “ಹಿಂದೆ ನಿಂತು ಆಡಪ್ಪಾ” ಎಂಬ ಮಾತಿನಲ್ಲಿ ಶಿಕ್ಷೆಯಿಲ್ಲ, ನಂಬಿಕೆಯಿದೆ ಎಂಬುದು ನಿಮಗೇ ತಿಳಿಯುವುದು.